ಎಂಟನೇ ಕ್ಲಾಸಿಗೆ ಹೊಸ ಧರ್ಮ ಪರಿಚಯದ ಪಾಠ: ಸರಿಯಿದೆಯಾ ಅಂತ ನೋಡುವುದು ಹೇಗೆ?

ಕೊಥ್ರೂಡ್ ಅಮ್ಮ, ಪುಣೆ
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಮರಾಠಿ ಮಾಧ್ಯಮದಲ್ಲಿ ಎಂಟನೇ ಕ್ಲಾಸು. ಈ ಜೂನ್‌ನಿಂದ ವಾರಕ್ಕೆ ಎರಡು ಪಿರಿಯಡ್ 'ಧರ್ಮ ಪರಿಚಯ' ಶುರುವಾಗಿದೆ, ಪುಸ್ತಕ ಶಾಲೆಯವರೇ ಬರೆಸಿದ್ದು. ಪಾಲಕರಲ್ಲಿ ಐದು ಜನ ಓದಿ ಅಭಿಪ್ರಾಯ ಕೊಡಿ ಅಂದಿದ್ದಾರೆ, ನಾನೂ ಒಬ್ಬಳು. ಫಾರ್ಮಿನಲ್ಲಿ ಮೂರೇ ಪ್ರಶ್ನೆ: ಮಗುವಿಗೆ ಇಷ್ಟ ಆಯ್ತಾ, ಭಾಷೆ ಸುಲಭವಾ, ಚಿತ್ರ ಚೆನ್ನಾಗಿವೆಯಾ. ಇಷ್ಟರಿಂದ ಏನು ಗೊತ್ತಾಗುತ್ತೆ ಹೇಳಿ?

ನನಗೆ ಚುಚ್ಚಿದ್ದು ಬೇರೆ. ಮರಾಠಿಯಲ್ಲಿ 'ನಾವು' ಅನ್ನೋದಕ್ಕೆ ಎರಡು ಮಾತಿದೆ. ಎದುರಿಗಿದ್ದವರನ್ನೂ ಸೇರಿಸಿಕೊಂಡರೆ 'ಆಪಣ', ಬಿಟ್ಟರೆ 'ಆಮ್ಹಿ'. ಗಣಪತಿ ಹಬ್ಬದ ಪಾಠದ ಉದ್ದಕ್ಕೂ 'ಆಪಣ' ಇದೆ. ರಂಜಾನ್ ಪಾಠಕ್ಕೆ ಬಂದರೆ 'ತೇ ಲೋಕ', ಅಂದರೆ 'ಆ ಜನ'. ಮಗಳ ಬೆಂಚಿನಲ್ಲೇ ಕೂರುವ ಮುಸ್ಲಿಂ ಹುಡುಗಿ ತನ್ನ ಮನೆಯ ಹಬ್ಬವನ್ನೇ 'ಆ ಜನ ಉಪವಾಸ ಮಾಡುತ್ತಾರೆ' ಅಂತ ಎದ್ದು ನಿಂತು ಗಟ್ಟಿಯಾಗಿ ಓದಬೇಕಾಯ್ತಂತೆ. ಊಟಕ್ಕೆ ಕೂತಾಗ ಮಗಳು ಇದನ್ನು ಹೇಳಿದಳು, ನನಗೆ ತುತ್ತು ಇಳಿಯಲಿಲ್ಲ. ಇದನ್ನು ಯಾವ ಪ್ರಶ್ನೆಯ ಕೆಳಗೆ ಬರೆಯಲಿ?

ಡೊಂಬಿವಲಿ ಮೇಷ್ಟ್ರು
ತಾಯಿ, ಬೇರೆ ಹಾಳೆ ಲಗತ್ತಿಸಿ ಬರೆಯಿರಿ. ಮೂವತ್ತು ವರ್ಷ ಮುಂಬಯಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಧರ್ಮ ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. 1964–66ರ ಕೊಠಾರಿ ಶಿಕ್ಷಣ ಆಯೋಗವೇ ಈ ಗೆರೆ ಎಳೆದಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಬಗ್ಗೆ ಕಲಿಸಲು ಸಂವಿಧಾನ ಅಡ್ಡ ಬರುವುದಿಲ್ಲ ಅಂದಿತು. ಆದರೆ ಆ ಪಿರಿಯಡ್‌ನಲ್ಲಿ ಪೂಜೆ, ಪ್ರಾರ್ಥನೆ ಮಾಡಿಸುತ್ತಿದ್ದರೆ ಸಂವಿಧಾನದ 28(3)ನೇ ವಿಧಿ ತೋರಿಸಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ, ಪಾಲಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಅದಕ್ಕೆ ಕೂರಿಸುವ ಹಾಗಿಲ್ಲ.

ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ. ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಕಲಿಸುವವರ ದನಿಯಲ್ಲಿ ಎಲ್ಲಾ ಗೊತ್ತಾಗುತ್ತೆ. ಪ್ರಶ್ನೆಪತ್ರಿಕೆಯನ್ನೂ ಕೇಳಿ ಪಡೆಯಿರಿ. ತೀರ್ಥಂಕರರು ಎಷ್ಟು, 24. ಆರ್ಯಸತ್ಯಗಳು ಎಷ್ಟು, 4. ಬರೀ ಇಂಥದ್ದೇ ಇದ್ದರೆ ಮಗು ಬಾಯಿಪಾಠ ಮಾಡಿ ಮರೆಯುತ್ತೆ. 'ಗೆಳತಿ ರಂಜಾನ್ ಉಪವಾಸ ಇರುವ ದಿನವೇ ಓಟದ ಸ್ಪರ್ಧೆ ಬಂತು, ಏನು ಮಾಡಬಹುದು' ಅಂತ ಕೇಳಿದರೆ ಕೂತು ಯೋಚಿಸುತ್ತೆ.

ಪಿಂಪರಿಯಿಂದ ಒಬ್ಬ ಅಪ್ಪ
ಅಕ್ಕಾ, ಬೌದ್ಧ ಧರ್ಮದ ಪಾಠ ಎಲ್ಲಿಗೆ ನಿಲ್ಲುತ್ತೆ ನೋಡಿ. ಸಾರನಾಥ, ಅಶೋಕ ಅಂತ ಮುಗಿಸಿಬಿಟ್ಟಿದ್ದರೆ ಅರ್ಧ ಪಾಠ ಅಷ್ಟೇ. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ದೀಕ್ಷೆ ತಗೊಂಡರು, ಮಹಾರಾಷ್ಟ್ರದ ಬಹುಪಾಲು ಬೌದ್ಧರ ಮನೆಯ ಕಥೆ ಶುರುವಾಗುವುದೇ ಅಲ್ಲಿಂದ. ನಮ್ಮಜ್ಜ ಸೊಲ್ಲಾಪುರದಿಂದ ಹೋಗಿದ್ದರು. ನನ್ನ ಮಗ ಶಾಲೆಯಲ್ಲಿ 'ಬೌದ್ಧ ಧರ್ಮ ಹಿಂದೆ ಇತ್ತು' ಅಂತ ನೋಟ್ಸ್ ಬರೆದುಕೊಂಡು ಬಂದ. ಮನೆಯಲ್ಲಿ ಬುದ್ಧನ ಫೋಟೊ ಕೆಳಗೆ ಕೂತು ಅದನ್ನೇ ಓದುತ್ತಿದ್ದ.

ಮಾಪ್ಸಾ ಕನ್ನಡಿಗ, ಗೋವಾ
ಇಲ್ಲಿ ಚರ್ಚ್ ಶಾಲೆಗಳಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಅದೇ ಹೊತ್ತಿಗೆ ಉಳಿದವರಿಗೆ ನೀತಿ ಪಾಠ ಇರುತ್ತೆ. ಬಲವಂತ ಇಲ್ಲ, ಒಳ್ಳೆಯದೇ. ಆದರೆ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ. ಅದಕ್ಕೆ ನಿಮ್ಮ ಶಾಲೆಯ ಯೋಚನೆ ನನಗೆ ಇಷ್ಟ ಆಯ್ತು, ಪಿರಿಯಡ್ ನಿಲ್ಲಿಸಿ ಅಂತ ಮಾತ್ರ ಬರೆಯಬೇಡಿ. ನಮ್ಮೂರಿನ ಮಿಲಾಗ್ರಿಸ್ ಸಾಯಬೀಣ್ ಫೆಸ್ತಕ್ಕೆ, ಅಂದರೆ ಮೇರಿ ಮಾತೆಯ ಚರ್ಚ್ ಹಬ್ಬಕ್ಕೆ, ಹಿಂದೂಗಳೂ ಎಣ್ಣೆ ತಗೊಂಡು ಹೋಗುತ್ತಾರೆ, ಆಕೆ ಶಿರ್ಗಾಂವ್‌ನ ಲೈರಾಯಿ ದೇವಿಯ ತಂಗಿ ಅಂತ ಜನರ ನಂಬಿಕೆ. ಇಂಥದ್ದು ಒಂದಾದರೂ ಪುಸ್ತಕದಲ್ಲಿದೆಯಾ ನೋಡಿ.

ಕೊಥ್ರೂಡ್ ಅಮ್ಮ, ಪುಣೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಗುರುವಾರ ಕ್ಲಾಸಿನಲ್ಲಿ ಕೂರಲು ಅನುಮತಿ ಸಿಕ್ಕಿದೆ. ಬೌದ್ಧ ಪಾಠ ನೋಡಿದೆ, ಅಶೋಕನಿಗೇ ಮುಗಿದಿದೆ. ಆ ಹುಡುಗಿಯ ಅಮ್ಮನಿಗೆ ಇವತ್ತು ಫೋನ್ ಮಾಡಿದ್ದೆ. ರಂಜಾನ್ ಪಾಠ ಅವರೇ ಓದಿ ತಿದ್ದಿ ಕೊಡುತ್ತಾರಂತೆ, ನಾಳೆ ಪುಸ್ತಕ ಅವರ ಮನೆಗೆ ಕೊಟ್ಟು ಬರುತ್ತೇನೆ.