ಅಪ್ಪನಿಗೆ 63 ವರ್ಷ, ಶುಗರ್ ಇದೆ, ಕೊರೋನಾ ಸೂಜಿ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ನೂಲುಮನೆ_ಶಿಡ್ಲಘಟ್ಟ
24 ಮಾರ್ಚ್ 2021, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ. ಶುಗರ್ ಇದೆ, ಬಿಪಿ ಮಾತ್ರೆಯೂ ನಡೆಯುತ್ತಿದೆ. ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ, ಹಾಗಾಗಿ ಬೆಳಗ್ಗೆ ಎದ್ದರೆ ಅಪ್ಪ ಗೂಡಿನ ಮಾರ್ಕೆಟ್ಟಿಗೆ ಹೋಗಲೇಬೇಕು. ಅಲ್ಲಿ ಜನ ಹೇಗೆ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತಾರೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಲ್ಲಿ ಮತ್ತೆ ಕೇಸ್ ಏರುತ್ತಿದೆ, ನಮ್ಮೂರಿಂದ ದಿನಾ ಅಲ್ಲಿಗೆ ಹೋಗಿ ಬರುವವರು ತುಂಬಾ ಜನ. ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಮಾರ್ಚ್ 1ರಿಂದ 60 ದಾಟಿದವರಿಗೆ ಸೂಜಿ ಹಾಕುತ್ತಿದ್ದಾರೆ. ಮೂರು ವಾರದಿಂದ ಕೇಳಿಕೊಳ್ಳುತ್ತಿದ್ದೇನೆ, ಅಪ್ಪ ಒಪ್ಪುತ್ತಿಲ್ಲ. ಅವರು ತಿಳಿವಳಿಕೆ ಇಲ್ಲದವರು ಅಂದುಕೊಳ್ಳಬೇಡಿ. "ನಿನ್ನ ತಂಗಿಗೆ ಪೋಲಿಯೋ ಹನಿ ಹಾಕಿಸೋಕೆ ಹೆಗಲ ಮೇಲೆ ಹೊತ್ಕೊಂಡು ಹೋದವನು ನಾನು. ಸೂಜಿಗೆ ಹೆದರೋನಲ್ಲ. ಆದರೆ ಹತ್ತು ವರ್ಷ ಬೇಕಾಗೋ ಮದ್ದು ಹತ್ತು ತಿಂಗಳಲ್ಲಿ ಹೆಂಗಪ್ಪ ಬಂತು, ಅದನ್ನ ಹೇಳು" ಅನ್ನುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಅದರ ಜೊತೆಗೆ ಹಿಂದಿನ ಬೀದಿಯವರೊಬ್ಬರು ಹಾಕಿಸಿಕೊಂಡು ಎರಡು ದಿನ ಜ್ವರದಲ್ಲಿ ಮಲಗಿದ್ದರು. ಇನ್ಯಾರೋ ನಾಲ್ಕನೇ ದಿನಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು ಅಂತ ಸುದ್ದಿ. ಯಾರು, ಯಾವೂರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಟಿವಿಯಲ್ಲಿ ನೋಡಿದರೆ ಯೂರೋಪಿನಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂತ ನಿಲ್ಲಿಸಿದ್ದರಂತೆ. ನಾನೇ ಬಲವಂತ ಮಾಡಿ ಕರೆದುಕೊಂಡು ಹೋಗಿ ಅಪ್ಪನಿಗೆ ಏನಾದರೂ ಆದರೆ? ಸುಮ್ನಿದ್ದು ಕಾಯಿಲೆ ಬಂದರೆ? ಎರಡೂ ಕಡೆ ನನ್ನ ತಲೆ ಮೇಲೇ ಬರುತ್ತದೆ.

ಇನ್ನೊಂದು ಮಾತು. ಏಪ್ರಿಲ್ 13ಕ್ಕೆ ಯುಗಾದಿ. ಸೂಜಿ ಹಾಕಿಸಿಕೊಂಡರೆ ಹೊಸತೊಡಕಿಗೆ ಬಾಡು ತಿನ್ನಬಾರದು ಅಂತ ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದ್ದಾರೆ. ನಿಜವಾ?

ಆಶಾಅಕ್ಕ_ಮುಳಬಾಗಿಲು
25 ಮಾರ್ಚ್, ಬೆಳಗ್ಗೆ 6:15

ತಮ್ಮಾ, ಮೊದಲು ಬಾಡಿನ ವಿಷಯ ಹೇಳಿಬಿಡುತ್ತೇನೆ. ದಿನಕ್ಕೆ ಹತ್ತು ಜನ ಕೇಳುತ್ತಾರೆ. ಅಂಥ ಪಥ್ಯ ಏನೂ ಇಲ್ಲ. ಸೂಜಿ ಹಾಕಿಸುವ ದಿನ ಹೊಟ್ಟೆ ತುಂಬಾ ತಿಂದು ಹೋಗಲಿ, ಶುಗರ್ ಮಾತ್ರೆ ಬಿಡಬಾರದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಸಿಸ್ಟರ್‌ಗೆ ಮೊದಲೇ ಹೇಳಿ.

ನಾನು ಆಶಾ ಕಾರ್ಯಕರ್ತೆ. ಜನವರಿ 16ಕ್ಕೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ನಮ್ಮ ಹೆಸರುಗಳು ಬಂದವು. ನಿಜ ಹೇಳುತ್ತೇನೆ, ನನಗೂ ಭಯವಿತ್ತು. ಮನೆಯವರು ಬೇಡ ಅಂದರು. ಹಿಂದಿನ ರಾತ್ರಿ ಮಗಳ ಪಕ್ಕ ಮಲಗಿ ಅತ್ತಿದ್ದೇನೆ. ಆದರೆ ಮಾರನೇ ದಿನದಿಂದ ಊರವರಿಗೆ ಹಾಕಿಸಿಕೊಳ್ಳಿ ಅಂತ ಹೇಳಬೇಕಾದವಳು ನಾನೇ, ಹಾಕಿಸಿಕೊಳ್ಳದೆ ಯಾವ ಬಾಯಲ್ಲಿ ಹೇಳಲಿ? ಹೋದೆ. ಅರ್ಧ ಗಂಟೆ ಕೂರಿಸಿದರು, ಏನೂ ಆಗಲಿಲ್ಲ. ರಾತ್ರಿ ಮೈ ಬಿಸಿ, ತೋಳು ಎತ್ತಲು ಆಗಲಿಲ್ಲ, ಮೈಯೆಲ್ಲ ನೋವು. ಪ್ಯಾರಾಸಿಟಮಾಲ್ ತಗೊಂಡು ಮಲಗಿದೆ, ಮಾರನೇ ದಿನ ಸಂಜೆಗೆ ಸರಿಹೋಯಿತು. ಫೆಬ್ರವರಿಯಲ್ಲಿ ಎರಡನೆಯದೂ ಆಯಿತು, ಅದಕ್ಕೆ ಜ್ವರವೇ ಬರಲಿಲ್ಲ.

ಹಾಗಾಗಿ ಜ್ವರ ಬರಬಹುದು ಅಂತ ಅಪ್ಪನಿಗೆ ಮೊದಲೇ ಹೇಳಿ. ಏನೂ ಆಗಲ್ಲ ಅಂತ ಹೇಳಿ ಕರೆದುಕೊಂಡು ಹೋದರೆ, ರಾತ್ರಿ ಮೈ ಬಿಸಿಯಾದ ಕೂಡಲೇ ನಿಮ್ಮ ಮಾತೆಲ್ಲ ಸುಳ್ಳು ಅಂತಾಗುತ್ತದೆ. ಬೀದಿಯಲ್ಲಿ ಇನ್ನೂ ಐದು ಮನೆಯವರು ಹಿಂದೆ ಸರಿಯುತ್ತಾರೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ಅಪ್ಪನ ತೋಳು ಒಂದು ಸಲ ನೋಡಿ. ಅವರ ವಯಸ್ಸಿನವರಿಗೆ ಚಿಕ್ಕವರಿದ್ದಾಗ ಸಿಡುಬಿಗೆ ದೇವಿ ಹಾಕಿದ ಗುರುತು ಇರುತ್ತದೆ. ನಮ್ಮ ಅಜ್ಜಿ ಕಾಲದಲ್ಲಿ ದೇವಿ ಹಾಕುವವರು ಬಂದರು ಅಂದರೆ ಮಕ್ಕಳನ್ನು ರಾಗಿ ಕಣಜದ ಹಿಂದೆ ಬಚ್ಚಿಡುತ್ತಿದ್ದರಂತೆ.

ಟೊಮ್ಯಾಟೊತೋಟ_ಕೋಲಾರ
25 ಮಾರ್ಚ್, ಮಧ್ಯಾಹ್ನ 1:05

ಅಕ್ಕ, ನಿಮ್ಮ ಮೇಲೆ ಗೌರವ ಇದೆ, ಆದರೂ ನಿಮ್ಮಪ್ಪನ ಪರವಾಗಿ ಒಬ್ಬರು ಮಾತಾಡಬೇಕು ಅಂತ ಬರೆಯುತ್ತಿದ್ದೇನೆ ಗೆಳೆಯ.

ಇವತ್ತಿಗೆ ಸರಿಯಾಗಿ ಒಂದು ವರ್ಷದ ಹಿಂದೆ ಲಾಕ್‌ಡೌನ್ ಶುರುವಾಯಿತು. 21 ದಿನ ಅಂದರು. ಎಷ್ಟು ದಿನ ಆಯಿತು ಅಂತ ಎಲ್ಲರಿಗೂ ಗೊತ್ತು. ಬಾಕ್ಸ್ ಟೊಮ್ಯಾಟೊ ಮಾರಿದರೆ ಕೀಳುವ ಕೂಲಿಯೂ ಹುಟ್ಟಲಿಲ್ಲ, ಒಂದೂವರೆ ಎಕರೆ ಬೆಳೆ ತೋಟದಲ್ಲೇ ಕೊಳೆಯಲು ಬಿಟ್ಟೆ. ಆಮೇಲೆ ಆ ಮಾತ್ರೆ ಅಂದರು, ಈ ಕಷಾಯ ಅಂದರು. ಈಗ ಸೂಜಿ ಅನ್ನುತ್ತಿದ್ದಾರೆ. ನನಗೆ ಸೂಜಿ ಮೇಲೆ ಅನುಮಾನಕ್ಕಿಂತ ಹೇಳುವವರ ಮೇಲೆ ನಂಬಿಕೆ ಹೋಗಿದೆ.

ಕೋವ್ಯಾಕ್ಸಿನ್ ಹಾಕಿಸಿಕೊಂಡವರಿಂದ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಪರೀಕ್ಷೆ ಮುಗಿದಿರಲಿಲ್ಲ ಅಂತ ತಾನೇ? ಹಾಗಾದರೆ ನಮ್ಮ ಮೇಲೆ ಪರೀಕ್ಷೆ ಮಾಡುತ್ತಿದ್ದರಾ? ಯಾವುದು ಬೇಕು ಅಂತ ಆರಿಸಿಕೊಳ್ಳಲೂ ಬಿಡುವುದಿಲ್ಲ. ನಾಳೆ ಹೆಚ್ಚುಕಮ್ಮಿ ಆದರೆ ಮನೆಯವರು ಯಾರನ್ನು ಕೇಳಬೇಕು? ನನಗೆ 47. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಅಂತ ಮೊನ್ನೆ ಹೇಳಿದ್ದಾರೆ, ನನ್ನ ಸರದಿಯೂ ಬಂತು. ಇದಕ್ಕೆಲ್ಲ ನೇರ ಉತ್ತರ ಸಿಗುವವರೆಗೆ ನಾನು ಕಾಯುತ್ತೇನೆ.

ಜೀವಶಾಸ್ತ್ರ_ತುಮಕೂರು
25 ಮಾರ್ಚ್, ರಾತ್ರಿ 9:30

ತುಮಕೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ, ಡಾಕ್ಟರ್ ಅಲ್ಲ. ಶಿಡ್ಲಘಟ್ಟದ ಅಪ್ಪ ಕೇಳಿದ ಪ್ರಶ್ನೆ ಇದೆಯಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು, ಕೇಳಬೇಕಾದ ಪ್ರಶ್ನೆಯೇ ಅದು.

ಲಸಿಕೆ ಬರಲು ವರ್ಷಗಟ್ಟಲೆ ಹಿಡಿಯುವುದು ಬರೀ ಪರೀಕ್ಷೆಗಲ್ಲ, ಕಾಯುವುದಕ್ಕೆ. ದುಡ್ಡಿಗೆ ಕಾಯಬೇಕು, ಅನುಮತಿಗೆ ಕಾಯಬೇಕು, ಪರೀಕ್ಷೆಗೆ ಸೇರಿದವರಲ್ಲಿ ಒಂದಷ್ಟು ಜನಕ್ಕೆ ಆ ಕಾಯಿಲೆ ಬರುವ ತನಕ ಕಾಯಬೇಕು, ಆಗ ತಾನೇ ಲಸಿಕೆ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದು. ಈ ಸಲ ದುಡ್ಡು ಮೊದಲೇ ಬಂತು, ಕಾಯಿಲೆ ಊರು ತುಂಬಾ ಇತ್ತು. ಕೋವಿಶೀಲ್ಡ್‌ನ ಮೂಲ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ್ದು. ಇದೇ ಜಾತಿಯ ಮರ್ಸ್ ಅನ್ನುವ ವೈರಸ್‌ಗೆ ಅವರು ವರ್ಷಗಳಿಂದ ಲಸಿಕೆ ಮಾಡುತ್ತಿದ್ದರು. ಚಿಂಪಾಂಜಿಗೆ ನೆಗಡಿ ತರುವ ವೈರಸ್ಸನ್ನು, ಅದು ನಮ್ಮ ಮೈಯಲ್ಲಿ ಬೆಳೆಯದ ಹಾಗೆ ಮಾಡಿ, ಸಾಮಾನು ಹೊರುವ ಗಾಡಿಯ ಹಾಗೆ ಬಳಸಿದರು. 2020ರ ಜನವರಿಯಲ್ಲಿ ಕೊರೋನಾದ ಜೀನ್ ವಿವರ ಹೊರಗೆ ಬಂದಾಗ ಗಾಡಿ ತಯಾರಿತ್ತು, ಸಾಮಾನು ಬದಲಾಯಿಸಿದರು ಅಷ್ಟೇ. ಪುಣೆಯ ಸೀರಮ್ ಸಂಸ್ಥೆ ಅನುಮತಿ ಸಿಗುವ ಮೊದಲೇ ಕೋಟಿಗಟ್ಟಲೆ ಡೋಸ್ ಮಾಡಿಟ್ಟಿತು. ಹೆಣ್ಣಿನ ಕಡೆಯವರು ಒಪ್ಪುವ ಮೊದಲೇ ಛತ್ರ ಬುಕ್ ಮಾಡಿದ ಹಾಗೆ. ಫಲಿತಾಂಶ ಕೆಟ್ಟದಾಗಿದ್ದರೆ ಎಲ್ಲ ಚೆಲ್ಲಬೇಕಿತ್ತು.

ಕೋಲಾರದವರೇ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಅನುಮತಿ ಕೊಟ್ಟಾಗ ಮೂರನೇ ಹಂತದ ಫಲಿತಾಂಶ ಬಂದಿರಲಿಲ್ಲ. ಅದು ನನಗೂ ಸರಿ ಕಾಣಲಿಲ್ಲ, ಕ್ಲಾಸಿನಲ್ಲೂ ಹಾಗೇ ಹೇಳಿದ್ದೇನೆ. ಆದರೆ ಅದು ಜನವರಿ ಮಾತು. ಈ ತಿಂಗಳ 3ಕ್ಕೆ ಮೊದಲ ಲೆಕ್ಕ ಬಂದಿದೆ. 25,800 ಜನರನ್ನು ಸೇರಿಸಿಕೊಂಡು ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಲಸಿಕೆ ಇಲ್ಲದ ಸೂಜಿ. ಅವರಲ್ಲಿ ಕಾಯಿಲೆ ಬಂದ ಮೊದಲ 43 ಜನರ ಚೀಟಿ ಬಿಚ್ಚಿ ನೋಡಿದರೆ 36 ಮಂದಿ ಲಸಿಕೆ ಇಲ್ಲದ ಗುಂಪಿನವರು, 7 ಮಂದಿ ಲಸಿಕೆಯವರು. 81% ಅನ್ನುವ ಲೆಕ್ಕ ಬಂದಿದ್ದು ಹೀಗೆ. ಕೊನೆಯ ಲೆಕ್ಕ ಇನ್ನೂ ಬರಬೇಕು. ಮಾಡುವ ವಿಧಾನ ಹೊಸದೇನಲ್ಲ, ವೈರಸ್ ಬೆಳೆಸಿ ಸಾಯಿಸಿ ಕೊಡುವುದು. ನಾಯಿ ಕಚ್ಚಿದರೆ ಹಾಕುವ ಸೂಜಿಯೂ ಹಾಗೇ ಮಾಡಿದ್ದು.

ರಕ್ತ ಹೆಪ್ಪುಗಟ್ಟುವ ಸುದ್ದಿ ಸುಳ್ಳಲ್ಲ, ಅದು ಕೋವಿಶೀಲ್ಡ್‌ನ ಮೂಲವಾದ ಆ ಆಕ್ಸ್‌ಫರ್ಡ್ ಲಸಿಕೆಯ ಬಗ್ಗೆ. ಯೂರೋಪಿನ ಔಷಧ ಸಂಸ್ಥೆ ಮಾರ್ಚ್ 18ಕ್ಕೆ ಹೇಳಿದ ಪ್ರಕಾರ ಬ್ರಿಟನ್ ಮತ್ತು ಯೂರೋಪಿನಲ್ಲಿ ಸುಮಾರು 2 ಕೋಟಿ ಜನ ಹಾಕಿಸಿಕೊಂಡಿದ್ದಾರೆ, ಅವರಲ್ಲಿ ಇಂಥ ವಿಚಿತ್ರ ಹೆಪ್ಪುಗಟ್ಟುವಿಕೆ 25 ಜನರಲ್ಲಿ ಕಂಡಿದೆ. ಇದಕ್ಕಿಂತ ಲಸಿಕೆಯ ಲಾಭ ಜಾಸ್ತಿ ಅಂತ ಹೇಳಿ ಮುಂದುವರಿಸಿದ್ದಾರೆ, ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಸೂಜಿ ಆದ ಕೆಲವು ದಿನದ ಮೇಲೆ ಬಿಡದ ತಲೆನೋವು, ಉಸಿರಾಟದ ತೊಂದರೆ, ಕಾಲು ಊತ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. 63 ವರ್ಷದ ಶುಗರ್ ಇರುವ ಮನುಷ್ಯನಿಗೆ ಕೊರೋನಾ ಬಂದರೆ ಇರುವ ಅಪಾಯ ಇದಕ್ಕಿಂತ ಬಹಳ ದೊಡ್ಡದು. ನನ್ನ ಅಪ್ಪನಿಗೆ 71, ಮಾರ್ಚ್ ಮೊದಲ ವಾರದಲ್ಲೇ ಹಾಕಿಸಿದೆ.

ಒಂದು ಡೋಸ್ ಹಾಕಿಸಿದ ಮಾರನೇ ದಿನವೇ ಮಾಸ್ಕ್ ಬಿಚ್ಚಬೇಡಿ. ಎರಡನೇ ಡೋಸ್ ಆಗಿ ಎರಡು ವಾರ ಕಳೆದ ಮೇಲೆ ರಕ್ಷಣೆ ಚೆನ್ನಾಗಿ ಬರುವುದು.

ಆಶಾಅಕ್ಕ_ಮುಳಬಾಗಿಲು
26 ಮಾರ್ಚ್, ಬೆಳಗ್ಗೆ 5:50

ಕೋಲಾರದ ಅಣ್ಣ, ಹೆಚ್ಚುಕಮ್ಮಿ ಆದರೆ ಯಾರನ್ನು ಕೇಳಬೇಕು ಅಂದಿರಲ್ಲ. ಸೂಜಿ ಆದಮೇಲೆ ಏನೇ ಆದರೂ ನಾವು ಬರೆದು ಮೇಲೆ ಕಳಿಸಬೇಕು, ಜಿಲ್ಲೆಯಲ್ಲಿ ಅದನ್ನು ವಿಚಾರಣೆ ಮಾಡುತ್ತಾರೆ. ಆ ನಾಲ್ಕನೇ ದಿನದ ಸಾವಿನ ಸುದ್ದಿಯೂ ನಿಜವಾಗಿದ್ದರೆ ಅದರ ಕಾಗದ ಎಲ್ಲಾದರೂ ಇರಲೇಬೇಕು. ಆದರೆ ವಿಚಾರಣೆಯಲ್ಲಿ ಏನು ಗೊತ್ತಾಯಿತು ಅಂತ ಮನೆಯವರಿಗೆ, ಊರವರಿಗೆ ಬಂದು ಹೇಳುವುದು ಕಡಿಮೆ. ಆ ಕೊರತೆ ಇದೆ, ಒಪ್ಪುತ್ತೇನೆ.

ಇನ್ನೊಂದು ಸಂಗತಿ ಟಿವಿಯಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಮನೆ ಮನೆಗೆ ಹೋದಾಗ ಕೂಲಿ ಹೆಂಗಸರು ಸಾಯುವ ಭಯ ಹೇಳುವುದಿಲ್ಲ. "ಜ್ವರ ಬಂದು ಎರಡು ದಿನ ಮಲಗಿದರೆ ಕೂಲಿ ಯಾರು ಕೊಡ್ತಾರಕ್ಕ" ಅಂತ ಕೇಳುತ್ತಾರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ತೋಟಕ್ಕೆ ಬರುವ ಹೆಂಗಸರಿಗೆ ಸೂಜಿ ಆದ ಮಾರನೇ ದಿನದ ಕೂಲಿ ಕೊಡುತ್ತೇನೆ ಅಂತ ನೀವು ಹೇಳಿ ನೋಡಿ ಅಣ್ಣ. ನನ್ನ ನೂರು ಮಾತಿಗಿಂತ ಅದು ಕೆಲಸ ಮಾಡುತ್ತದೆ.

ಚಿಂತಾಮಣಿ_ಹುಡುಗ
26 ಮಾರ್ಚ್, ರಾತ್ರಿ 11:20

ನಮ್ಮ ಅಮ್ಮ ಹೋದ ಅಕ್ಟೋಬರ್‌ನಲ್ಲಿ ಕೊರೋನಾದಿಂದ ತೀರಿಕೊಂಡರು. 58 ವರ್ಷ. ಅವರಿಗೂ ಶುಗರ್ ಇತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಇದ್ದರು, ನಾವು ಹೊರಗೆ ಗೇಟಿನ ಹತ್ತಿರ ಕೂತಿದ್ದೆವು. ಕೊನೆಗೆ ಮುಖ ಸರಿಯಾಗಿ ನೋಡಲು ಆಗಲಿಲ್ಲ.

ಜನವರಿ 16ರಂದು ಟಿವಿಯಲ್ಲಿ ಮೊದಲ ಸೂಜಿ ಹಾಕುವುದನ್ನು ತೋರಿಸುತ್ತಿದ್ದಾಗ ಅಪ್ಪ ಎದ್ದು ಹಿತ್ತಲಿಗೆ ಹೋದರು. ಹೋಗಿ ನೋಡಿದರೆ ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆ ಕೂತಿದ್ದರು. ಮೂರೇ ತಿಂಗಳು ಅಂದರು. ಬೇರೆ ಏನೂ ಹೇಳಲಿಲ್ಲ.

ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ ಬ್ರೋ. ಬಲವಂತ ಮಾಡಬೇಡಿ, ಓದಿ ಹೇಳಿ ಸಾಕು.

ನೂಲುಮನೆ_ಶಿಡ್ಲಘಟ್ಟ
31 ಮಾರ್ಚ್, ರಾತ್ರಿ 8:45

ಎಲ್ಲರಿಗೂ ಋಣಿ. ಪೂರ್ತಿ ಓದಿ ಹೇಳಿದೆ. ಛತ್ರದ ಮಾತಿಗೆ ಅಪ್ಪ ತಲೆ ಆಡಿಸಿದರು. 43 ಜನರ ಲೆಕ್ಕವನ್ನು ಎರಡು ಸಲ ಕೇಳಿಸಿಕೊಂಡರು. ಚಿಂತಾಮಣಿಯವರು ಬರೆದದ್ದು ಓದಿದಾಗ ಸುಮ್ಮನೆ ಎದ್ದು ಒಲೆ ಹತ್ತಿರ ಹೋದರು. ಎರಡು ದಿನ ಆ ಮಾತೇ ಇಲ್ಲ. ನಾನೂ ಎತ್ತಲಿಲ್ಲ. ಸೋಮವಾರ ರಾತ್ರಿ ಅವರೇ, "ನಾಳೆ ಮಾರ್ಕೆಟ್ಟಿಗೆ ನೀನು ಹೋಗು, ನಾನು ಆಸ್ಪತ್ರೆಗೆ ಹೋಗಿ ಬರ್ತೀನಿ" ಅಂದರು. ಇಬ್ಬರೂ ಆಸ್ಪತ್ರೆಗೇ ಹೋದೆವು. ಕೋವಿಶೀಲ್ಡ್ ಹಾಕಿದರು. ಅಂಗಿ ತೋಳು ಮಡಚಿದಾಗ ದೇವಿ ಹಾಕಿದ ಗುರುತು ಕಂಡಿತು ಅಕ್ಕ, ನಾಲ್ಕಾಣೆ ಅಗಲ ಇದೆ. 34 ವರ್ಷದಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ರಾತ್ರಿ ಜ್ವರ ಬಂತು. ಮೊದಲೇ ಹೇಳಿದ್ದರಿಂದ ಯಾರೂ ಹೆದರಲಿಲ್ಲ. ಇವತ್ತು ಸಂಜೆಗೆ ಬಿಟ್ಟಿದೆ. ನಾಳೆಯಿಂದ ಅಮ್ಮನಿಗೂ ಹಾಕಿಸಬಹುದು, ಅವರಿಗೆ 52. "ಒಂದು ವಾರ ಇವರನ್ನ ನೋಡ್ತೀನಿ, ಆಮೇಲೆ" ಅಂದಿದ್ದಾರೆ.

ಎರಡನೇ ಡೋಸ್‌ಗೆ 28 ದಿನ ಬಿಟ್ಟು ಬನ್ನಿ ಅಂದರು. ಪೇಪರಿನಲ್ಲಿ ಬೇರೆ ಥರ ಓದಿದ ನೆನಪು. ಯಾವುದು ಸರಿ?

ಜೀವಶಾಸ್ತ್ರ_ತುಮಕೂರು
31 ಮಾರ್ಚ್, ರಾತ್ರಿ 9:10

ತುಂಬಾ ಸಂತೋಷ. ಕೋವಿಶೀಲ್ಡ್‌ಗೆ 4ರಿಂದ 8 ವಾರದ ನಡುವೆ ಅಂತ ಮಾರ್ಚ್ 22ರಂದು ಬದಲಾಯಿಸಿದ್ದಾರೆ. 6ರಿಂದ 8 ವಾರದ ನಡುವೆ ಹಾಕಿಸಿದರೆ ರಕ್ಷಣೆ ಜಾಸ್ತಿ ಬರುತ್ತದೆ ಅಂತ. ಕೋವ್ಯಾಕ್ಸಿನ್‌ಗೆ ಮೊದಲಿನ ಹಾಗೇ, ಬದಲಾಗಿಲ್ಲ. ನೀವು ಮೇ ಎರಡನೇ ವಾರದ ಮೇಲೆ ಹೋಗಿ. ಹೋಗುವ ಮೊದಲು ಆಸ್ಪತ್ರೆಯಲ್ಲಿ ಇನ್ನೊಂದು ಸಲ ಕೇಳಿ.

ಟೊಮ್ಯಾಟೊತೋಟ_ಕೋಲಾರ
1 ಏಪ್ರಿಲ್, ಬೆಳಗ್ಗೆ 7:00

ನಾನು ಇನ್ನೂ ಪೂರ್ತಿ ಒಪ್ಪಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಇವತ್ತು ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ, ಅವರಿಗೆ 70. ತುಮಕೂರಿನ ಮೇಡಂ ಹೇಳಿದ ತಲೆನೋವಿನ ಮಾತು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಮುಳಬಾಗಿಲಿನ ಅಕ್ಕ, ಕೂಲಿ ವಿಷಯ ನಿನ್ನೆ ಹೆಂಗಸರ ಹತ್ತಿರ ಹೇಳಿದೆ. ನಮ್ಮಲ್ಲಿ 45 ದಾಟಿದವರು ಏಳು ಜನ ಇದ್ದಾರೆ. ನಾಲ್ಕು ಜನ ಹೆಸರು ಕೊಟ್ಟಿದ್ದಾರೆ.