ಪದಚರ್ಚೆ: ‘ರಿಲೇ’ಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು, ನಾಳೆ ಅಚ್ಚಿಗೆ)

ಮಾನ್ಯರೇ,

ಕಾರಿನ ರೇಡಿಯೇಟರಿಗೆ ಎರಡು ವಿದ್ಯುತ್ ಫ್ಯಾನ್ ಕೂರಿಸುವ ಸಾಮಗ್ರಿಯ ಜೊತೆಗಿಡುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಕಡೆ ಕೆಲಸ ನಿಂತಿದೆ.

ಒಂದು, ‘ರಿಲೇ’: ಒಳಗಿನ ತಂತಿಸುರುಳಿಗೆ ಸಣ್ಣ ವಿದ್ಯುತ್ ಕೊಟ್ಟರೆ ಅದು ಸಂಪರ್ಕವನ್ನು ಎಳೆದು ದೊಡ್ಡ ವಿದ್ಯುತ್ತನ್ನು ಹರಿಸುವ ಸ್ವಿಚ್ಚು. ಹಳೆಯ ಕರಡಿನಲ್ಲಿ ಯಾರೋ ‘ಮರುಪ್ರಸಾರಕ’ ಎಂದು ಬರೆದಿಟ್ಟಿದ್ದಾರೆ. ಓದಿದರೆ ಬಾನೆಟ್ಟಿನ ಕೆಳಗೆ ರೇಡಿಯೊ ಕೇಂದ್ರವಿದೆ ಎನಿಸುತ್ತದೆ. ಎರಡು, ರಿಲೇಯ ಎರಡು ಸಂಪರ್ಕಗಳ ಹೆಸರಾದ ‘ನಾರ್ಮಲಿ ಓಪನ್’ ಮತ್ತು ‘ನಾರ್ಮಲಿ ಕ್ಲೋಸ್ಡ್’. ಇವಕ್ಕೆ ‘ಸಾಮಾನ್ಯವಾಗಿ ತೆರೆದ’, ‘ಸಾಮಾನ್ಯವಾಗಿ ಮುಚ್ಚಿದ’ ಎಂದಿದೆ. ಮೂರು, ಫ್ಯಾನಿನ ಬಳಿ ಅಂಟಿಸುವ ಎಚ್ಚರಿಕೆಯ ಚೀಟಿ. ನೀರು ಕಾದಾಗ ಕೂಡುವ ಉಷ್ಣ ಸ್ವಿಚ್ಚಿಗೆ ಬ್ಯಾಟರಿಯಿಂದಲೇ ನೇರ ತಂತಿ ಇರುವುದರಿಂದ ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗಬಹುದು. ಅದಕ್ಕೆ ಈಗಿರುವ ವಾಕ್ಯ: ‘ಎಂಜಿನ್ ಸ್ಥಗಿತಗೊಂಡಿರುವ ಸಂದರ್ಭದಲ್ಲಿಯೂ ಶೀತಲೀಕರಣ ಪಂಖಗಳು ಸ್ವಯಂಚಾಲಿತವಾಗಿ ಪ್ರಾರಂಭಗೊಳ್ಳುವ ಸಾಧ್ಯತೆಯಿರುತ್ತದೆ.’ ಇದನ್ನು ಓದಿ ಮುಗಿಸುವಷ್ಟರಲ್ಲಿ ಬೆರಳು ಹೋಗಿರುತ್ತದೆ. ಎರಡು ಗಿಡ್ಡ ಸಾಲಿಗಷ್ಟೇ ಜಾಗವಿದೆ.

ಜೋಡಣೆ ಹೀಗಿದೆ. ಮೊದಲ ರಿಲೇ ಬ್ಯಾಟರಿಯಿಂದ ಮೊದಲ ಫ್ಯಾನಿಗೆ ವಿದ್ಯುತ್ ಕೊಡುತ್ತದೆ. ಆ ಫ್ಯಾನಿನ ಋಣ ತಂತಿ ಐದು ಪಿನ್ನಿನ ಎರಡನೇ ರಿಲೇಯ 30ನೇ ಪಿನ್ನಿಗೆ ಬರುತ್ತದೆ; ಈ ಪಿನ್ನು ರಿಲೇ ಸುಮ್ಮನಿರುವಾಗ 87ಎಗೆ, ಎಳೆದಾಗ 87ಕ್ಕೆ ಕೂಡುತ್ತದೆ. ಅಲ್ಲಿಂದ 87ಎ ಎರಡನೇ ಫ್ಯಾನಿನ ಧನ ತುದಿಗೆ, 87 ಕಾರಿನ ಮೈಗೆ. ಎರಡನೇ ಫ್ಯಾನಿನ ಋಣ ತಂತಿಯೂ ಮೈಗೇ. ಮೂರನೇ ರಿಲೇ ಎರಡನೇ ಫ್ಯಾನಿಗೆ ನೇರವಾಗಿ ವಿದ್ಯುತ್ ಕೊಡುತ್ತದೆ. ಮೊದಲ ರಿಲೇ ಒಂದೇ ಎಳೆದಾಗ ಎರಡೂ ಫ್ಯಾನ್ ಸರಣಿಯಲ್ಲಿ, ತಲಾ ಸುಮಾರು 6 ವೋಲ್ಟಿನಲ್ಲಿ, ನಿಧಾನವಾಗಿ ತಿರುಗುತ್ತವೆ. ಮೂರೂ ಎಳೆದಾಗ ಸಮಾಂತರದಲ್ಲಿ, ತಲಾ 12 ವೋಲ್ಟಿನಲ್ಲಿ, ಪೂರ್ಣ ವೇಗ.

— ಸ.

ಮರು:

ಪದವಿಲ್ಲ ಎನ್ನುವವರು ಹುಡುಕಿಲ್ಲ ಎಂದಷ್ಟೇ ಅರ್ಥ. ಪದವಿದೆ: ಅಂಚೆ.

ಫ್ರೆಂಚರ ‘ರಿಲೇ’ ಎಂದರೆ ದಾರಿಯಲ್ಲಿ ಅಲ್ಲಲ್ಲಿ ಕಾದಿರಿಸಿದ, ಇನ್ನೂ ದಣಿಯದ ಬೇಟೆನಾಯಿ ಅಥವಾ ಕುದುರೆ. ಹತ್ತೊಂಬತ್ತನೇ ಶತಮಾನದಲ್ಲಿ ತಂತಿ ಸಂದೇಶದವರು ಆ ಪದವನ್ನು ಎತ್ತಿಕೊಂಡರು. ದೂರದಿಂದ ಬಂದು ಬಳಲಿದ ಸಂಕೇತ ಒಂದು ಸಂಪರ್ಕವನ್ನು ಕೂಡಿಸಿದರೆ ಸಾಕು, ಅಲ್ಲಿಂದ ಮುಂದಕ್ಕೆ ಹೊಸ ಬ್ಯಾಟರಿಯ ಬಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ನೆಲೆಗೊಂಡ ಅಂಚೆಯ ಹುರುಳೂ ಇದೇ: ಒಬ್ಬನ ಕೈಯಿಂದ ಮುಂದೆ ಕಾದವನ ಕೈಗೆ. ಕಾರಿನಲ್ಲಿ ಸುರುಳಿಗೆ ಬರುವುದು ಕಾಲು ಆಂಪಿಯರಿಗೂ ಕಡಿಮೆ. ಅದರ ಅಪ್ಪಣೆಯಂತೆ ಸಂಪರ್ಕದಲ್ಲಿ ಹರಿಯುವುದು ಇಪ್ಪತ್ತು, ಮೂವತ್ತು ಆಂಪಿಯರು. ‘ಅಂಚೆಗೀಲು’ ಎಂದು ಬರೆಯಿರಿ. ಆದೇಶಸಂಧಿ, ‘ಕೀಲು’ ಎಂದು ಬಿಡಿಸಿ ಬರೆಯಬೇಡಿ.

— ವಿ.ಜಿ.

ಮರು:

ಅಂಚೆ ಎಂಬುದು ಹಂಸದ ತದ್ಭವ. ದಮಯಂತಿಗೆ ಸುದ್ದಿ ಒಯ್ದದ್ದು ಹಂಸವೇ. ಆದ್ದರಿಂದ ಸಂಸ್ಕೃತದ ಋಣ ಅಲ್ಲಿಯೂ ಇದೆ.

— ಎನ್.

ಮರು:

ಹಕ್ಕಿಯ ಅಂಚೆ ಬೇರೆ, ಓಲೆಯ ಅಂಚೆ ಬೇರೆ. ತಮಿಳಿನ ‘ಅಂಜಲ್’ ನೋಡಿ. ಮುಗಿಯಿತು.

— ವಿ.ಜಿ.

ಮರು:

‘ಸರಣಿ’, ‘ಸಮಾಂತರ’, ‘ಧನ’, ‘ಋಣ’: ನಾಲ್ಕರಲ್ಲಿ ಒಂದಾದರೂ ಕನ್ನಡವೇ? ಸಾಲುಜೋಡಣೆ, ಒತ್ತುಜೋಡಣೆ ಎಂದರೆ ಯಾರಿಗೆ ತಿಳಿಯುವುದಿಲ್ಲ? ‘ಪಂಖ’ವನ್ನು ತೆಗೆದುಹಾಕಿ ‘ಬೀಸಣಿಗೆ’ ಎಂದು ಬರೆಯಿರಿ. ಬೀಸಣಿಗೆ ಕೈಯಲ್ಲಿ ಹಿಡಿಯುವುದು, ತಿರುಗುವುದಿಲ್ಲ ಎಂಬ ಮಾತನ್ನು ದಯವಿಟ್ಟು ಎತ್ತಬೇಡಿ. ಬೀಸುವ ಕಲ್ಲು ತಿರುಗುವುದಿಲ್ಲವೇ? ‘ರಿಲೇ’ಗೆ ‘ಮಿಂಕೀಲು’ ಸಾಕು. 87 ಎಂಬಲ್ಲಿ ೮೭ ಇರಲಿ. ಸಿಕ್ಕಿದ್ದನ್ನೆಲ್ಲ ಇಂಗ್ಲಿಷಿನಿಂದ ಹಾಗೆಯೇ ಇಳಿಸಿಕೊಳ್ಳುವುದು ದಾಸ್ಯಕ್ಕೆ ಅರ್ಜಿ ಹಾಕಿದಂತೆ.

— ಕೆ.

ಮರು:

‘ದಾಸ್ಯ’ ಸಂಸ್ಕೃತದ್ದು, ‘ಅರ್ಜಿ’ ಅರಬ್ಬಿಯದು. ವಿಭಕ್ತಿಪ್ರತ್ಯಯ ಮಾತ್ರ ತಮ್ಮದು.

ಈಗ ಕೆಲಸದ ಮಾತು. ಅಂಕಿಗಳನ್ನು ಮುಟ್ಟಬೇಡಿ. 30, 85, 86, 87 ಎಂಬುವು ಜರ್ಮನಿಯ ಡಿನ್ 72552 ಮಾನಕದವು, ರಿಲೇಯ ತಳದಲ್ಲಿ ಪಿನ್ನಿನ ಪಕ್ಕದಲ್ಲೇ ಅಚ್ಚಾಗಿರುತ್ತವೆ. ಕೈಯಲ್ಲಿ 87 ಹಿಡಿದವನು ಪುಟದಲ್ಲಿ ೮೭ ಹುಡುಕಬೇಕೇ? ‘ರಿಲೇ’ ರಿಲೇಯಾಗಿಯೇ ಇರಲಿ. ಓಟದಲ್ಲಿ ನಮಗೆ ಅದು ಆಗಲೇ ಗೊತ್ತಿರುವ ಪದ.

ನನಗೆ ದಿಗಿಲಾದದ್ದು ‘ಸಾಮಾನ್ಯವಾಗಿ ತೆರೆದ’ ಎಂಬುದನ್ನು ಕಂಡು. ಅದರ ಬಗ್ಗೆ ಇಲ್ಲಿ ಒಬ್ಬರೂ ಉಸಿರೆತ್ತಿಲ್ಲ. ಕನ್ನಡದಲ್ಲಿ ತೂಬು ತೆರೆದರೆ ನೀರು ಹರಿಯುತ್ತದೆ. ವಿದ್ಯುತ್ತಿನವರ ‘ತೆರೆ’ಯಲ್ಲಿ ಹರಿವು ನಿಲ್ಲುತ್ತದೆ. ಹೊಸಬನು 87ನ್ನು ‘ತೆರೆದ ಸಂಪರ್ಕ’ ಎಂದು ಓದಿ, ಸುಮ್ಮನಿರುವಾಗಲೂ ಅದರಲ್ಲಿ ಹರಿಯುತ್ತಿರುತ್ತದೆ ಎಂದುಕೊಂಡು, 87 ಮತ್ತು 87ಎ ತಂತಿಗಳನ್ನು ಅದಲುಬದಲು ಮಾಡುತ್ತಾನೆ. ಎರಡನೇ ರಿಲೇಯಲ್ಲಿ ಹಾಗಾದರೆ ಏನಾಗುತ್ತದೆ, ಚಿತ್ರ ಬರೆದು ನೋಡಿ. ನಿಧಾನದ ಹಂತದಲ್ಲಿ ಮೊದಲ ಫ್ಯಾನ್ ಒಂದೇ ಪೂರ್ಣ ವೇಗದಲ್ಲಿ ಓಡುತ್ತದೆ, ಎರಡನೆಯದು ಅಲುಗುವುದಿಲ್ಲ. ನೀರು ಇನ್ನೂ ಕಾದು ಮೂರೂ ರಿಲೇ ಎಳೆದಾಗ ಮೊದಲ ಫ್ಯಾನಿನ ಎರಡೂ ತುದಿಗೆ 12 ವೋಲ್ಟ್ ಬಂದು ಅದು ನಿಂತೇ ಬಿಡುತ್ತದೆ. ಎರಡು ಫ್ಯಾನ್ ಬೇಕಾದ ಹೊತ್ತಿಗೆ ಒಂದೇ. ಫ್ಯೂಸ್ ಹೋಗುವುದಿಲ್ಲ, ಹೊಗೆ ಬರುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ.

‘ಸಾಮಾನ್ಯವಾಗಿ’ ಎಂಬುದೂ ಸಲ್ಲದು. ಅದನ್ನು ‘ಹೆಚ್ಚಿನ ಸಲ’ ಎಂದು ಓದುತ್ತಾರೆ. ಇಲ್ಲಿ ಅರ್ಥ ‘ಸುರುಳಿಗೆ ವಿದ್ಯುತ್ ಇಲ್ಲದಾಗ’ ಎಂದು. ಆದ್ದರಿಂದ 87ಕ್ಕೆ ‘ಸುರುಳಿ ಎಳೆದಾಗ ಕೂಡುವ ಸಂಪರ್ಕ’, 87ಎಗೆ ‘ಸುರುಳಿ ಎಳೆದಾಗ ಬಿಡುವ ಸಂಪರ್ಕ’. ಮೊದಲ ಪುಟದಲ್ಲಿ ಹೀಗೆ ಪೂರ್ತಿ ಬರೆದು ಮುಂದೆ ‘ಕೂಡುವ’, ‘ಬಿಡುವ’ ಎಂದರೆ ಸಾಕು.

‘ಕಾರಿನ ಮೈ’ ಎಂದದ್ದು ಸರಿಯಾಗಿದೆ. ದಯವಿಟ್ಟು ಯಾರೂ ಅದನ್ನು ‘ಭೂಸಂಪರ್ಕ’ ಮಾಡಿಸಬೇಡಿ. ಕಾರು ನಿಂತಿರುವುದು ರಬ್ಬರಿನ ಮೇಲೆ. ಸುರುಳಿಯ ಎರಡು ತುದಿಗಳಲ್ಲಿ 86ಕ್ಕೆ ಧನ, 85ಕ್ಕೆ ಋಣ ಎಂದೂ ಸೇರಿಸಿ. ಒಳಗೆ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಯಲ್ಲಿ ಅವನ್ನು ತಿರುಗಿಸಿ ಕೊಟ್ಟರೆ ಡಯೋಡ್ ಸುಟ್ಟುಹೋಗುತ್ತದೆ.

— ಟಿ.

ಮರು:

ಟಿ. ಅವರಿಗೆ ತಂತಿ ಗೊತ್ತಿರಬಹುದು, ನುಡಿಯ ವಿಚಾರ ಬೇರೆ. ಓಟದ ರಿಲೇ ಬಂದಿತೆಂದು ಯಂತ್ರದ ರಿಲೇಯನ್ನೂ ಒಳಕ್ಕೆ ಬಿಟ್ಟರೆ, ಮುಂದೆ ‘ಕಾಯಿಲ್’, ‘ಕಾಂಟ್ಯಾಕ್ಟ್’, ‘ಸೀರೀಸ್’ ಎಲ್ಲವೂ ಸಾಲಾಗಿ ಬರುತ್ತವೆ. ನಮಗೆ ಉಳಿಯುವುದು ‘ಮತ್ತು’, ‘ಇದೆ’ ಎರಡೇ.

— ಕೆ.

ಮರು:

ಸುರುಳಿ, ಸಂಪರ್ಕ, ಸರಣಿ ಎಂದೇ ಬರೆದಿದ್ದೇನೆ. ಓದಿ ಉತ್ತರಿಸಿ.

— ಟಿ.

ಮರು:

ಚೀಟಿಯ ಕಡೆ ಯಾರೂ ನೋಡುತ್ತಿಲ್ಲ. ‘ಸಾಧ್ಯತೆಯಿರುತ್ತದೆ’ ಎಂಬ ಬಾಲವೇಕೆ? ಸಂಭಾವನಾರೂಪವನ್ನು ಕನ್ನಡಿಗರೇ ಮರೆತರೆ ಯಾರು ಬಳಸಬೇಕು?

ಎಂಜಿನ್ ನಿಂತಿದ್ದರೂ ಫ್ಯಾನ್ ತಿರುಗೀತು.
ಕೈ ಹಾಕಬೇಡಿ.

— ಎನ್.

ಮರು:

‘ತಿರುಗೀತು’ ಏಕವಚನ. ಫ್ಯಾನ್ ಎರಡಿವೆ. ‘ತಿರುಗಿಯಾವು’ ಆಗಬೇಕು. ಅಲ್ಲದೆ ‘ಫ್ಯಾನ್’ ಎಂದು ವ್ಯಂಜನದಲ್ಲಿ ಕಡಿದು ನಿಲ್ಲಿಸುವುದು ಕನ್ನಡದ ಜಾಯಮಾನವಲ್ಲ. ಕಾರು, ಬಸ್ಸು ಇದ್ದಂತೆ ಫ್ಯಾನು.

— ವಿ.ಜಿ.

ಮರು:

ಕಣ್, ಪಾಲ್, ನೀರ್ ಎಂದು ವ್ಯಂಜನದಲ್ಲೇ ನಿಲ್ಲಿಸುತ್ತಿದ್ದ ಹಳಗನ್ನಡದವರು ಯಾವ ಜಾಯಮಾನದವರೋ. ಬೆರಳು ಸಿಕ್ಕುವುದು ಒಂದು ಫ್ಯಾನಿಗೆ, ಏಕವಚನ ಸಾಕು.

— ಎನ್.

ಮರು:

ಎಲ್ಲರಿಗೂ ವಂದನೆಗಳು. ‘ರಿಲೇ’ ಹಾಗೆಯೇ ಇಟ್ಟಿದ್ದೇನೆ. 87, 87ಎಗಳಿಗೆ ‘ಕೂಡುವ’, ‘ಬಿಡುವ’ ಹಾಕಿ ಚಿತ್ರದಲ್ಲೂ ತಿದ್ದಿಸಿದೆ. ಚೀಟಿಗೆ ಎನ್. ಅವರ ಎರಡು ಸಾಲು. ‘ಫ್ಯಾನು’ ಎಂದರೆ ಮೊದಲ ಸಾಲು ಒಂದಕ್ಷರದಷ್ಟು ಅಂಚು ದಾಟುತ್ತದೆ ಎಂದು ಅಚ್ಚಿನವರು ಹೇಳಿದರು.

— ಸ.

ಮರು:

ಅಕ್ಷರದ ಗಾತ್ರ ಇಳಿಸಬಹುದಿತ್ತು.

— ವಿ.ಜಿ.