ಬೇಸಿಗೆ ಶಿಬಿರವೊಂದರ ಅತಿಥಿಗಳ ಪಟ್ಟಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದೇಕೆ?

ಪ್ರಶ್ನೆ:
ಅಮೆರಿಕದ ನಾಗರಿಕ ಸ್ವಾತಂತ್ರ್ಯದ ಇತಿಹಾಸ ಓದುವಾಗ ‘ಅಪ್‌ಹೌಸ್ ವಿರುದ್ಧ ವೈಮನ್’ ಎಂಬ 1959ರ ಮೊಕದ್ದಮೆಯ ಉಲ್ಲೇಖ ಮತ್ತೆ ಮತ್ತೆ ಎದುರಾಗುತ್ತದೆ. ಶಾಂತಿ ಚಳವಳಿಯ ಜನ ಬೇಸಿಗೆಯಲ್ಲಿ ತಂಗುತ್ತಿದ್ದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ‘ವರ್ಲ್ಡ್ ಫೆಲೋಶಿಪ್’ ಎಂಬ ಹಳ್ಳಿಗಾಡಿನ ಶಿಬಿರ ಅದರ ಮೂಲ ಎಂಬಷ್ಟು ಮಾತ್ರ ನನಗೆ ತಿಳಿದಿದೆ. ಅದನ್ನು ಯಾರು, ಯಾವ ಉದ್ದೇಶದಿಂದ ಕಟ್ಟಿದರು? ಮೊದಲಿನಿಂದಲೂ ಅದು ರಾಜಕೀಯ ಶಿಬಿರವೇ ಆಗಿತ್ತೇ?

ಮೊದಲ ಉತ್ತರ:
ಅದರ ಬೇರು ರಾಜಕೀಯಕ್ಕಿಂತ ಹೆಚ್ಚಾಗಿ ಸರ್ವಧರ್ಮ ಸಮನ್ವಯದ ಚಳವಳಿಯಲ್ಲಿದೆ. ಅದನ್ನು ಕಟ್ಟಿದ ಚಾರ್ಲ್ಸ್ ಫ್ರೆಡರಿಕ್ ವೆಲ್ಲರ್ ಮೂಲತಃ ಸಮಾಜಸೇವಕರು. ವಾಷಿಂಗ್ಟನ್ ನಗರದ ಹಿಂದಣ ಓಣಿಗಳಲ್ಲಿ ಬಡವರು ಬದುಕುತ್ತಿದ್ದ ಸ್ಥಿತಿಯನ್ನು ಕುರಿತು 20ನೆಯ ಶತಮಾನದ ಆರಂಭದಲ್ಲೇ ಬರೆದವರು. ಮುಂದೆ ಅವರು ಬಂಗಾಳದ ಕೇದಾರನಾಥ ದಾಸ್ ಗುಪ್ತ ಅವರೊಡನೆ ಕೈಜೋಡಿಸಿ, ವಿವೇಕಾನಂದರು ಮಾತನಾಡಿದ 1893ರ ಸರ್ವಧರ್ಮ ಸಮ್ಮೇಳನಕ್ಕೆ 40 ವರ್ಷ ತುಂಬಿದಾಗ, ಅಂದರೆ 1933ರಲ್ಲಿ, ಅದೇ ಶಿಕಾಗೊ ನಗರದಲ್ಲಿ ಅಂಥದೇ ಇನ್ನೊಂದು ಸಮಾವೇಶ ನಡೆಸಿದರು. (ನಮ್ಮಲ್ಲಿ ಮೊದಲನೆಯದರ ಬಗ್ಗೆ ಇರುವಷ್ಟು ಬರವಣಿಗೆಯಲ್ಲಿ ಎರಡನೆಯದಕ್ಕೆ ಒಂದು ಸಾಲೂ ಸಿಗುವುದು ಕಷ್ಟ.)

ವೆಲ್ಲರ್ ಮತ್ತು ಅವರ ಪತ್ನಿ ಯುಜೀನಿಯಾ ವೈಟ್ ಮೌಂಟನ್ಸ್ ಬೆಟ್ಟಸಾಲಿನ ಸೀಮೆಯಲ್ಲಿ ಈ ಕೇಂದ್ರವನ್ನು ಸ್ಥಾಪಿಸಿದ್ದು 1941ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ನಗರದ ಸಭೆಗೆ ಬಂದವನು ಭಾಷಣ ಕೇಳಿ ಮನೆಗೆ ಹೋಗುತ್ತಾನೆ. ಇಲ್ಲಾದರೋ ಬೆಳಿಗ್ಗೆ ವಾದಿಸಿದವನೊಡನೆಯೇ ಮಧ್ಯಾಹ್ನ ಒಂದೇ ಮೇಜಿಗೆ ಕೂತು ಉಣ್ಣಬೇಕು, ಸಂಜೆ ಕಾಡಿನ ದಾರಿಯಲ್ಲಿ ನಡೆಯಬೇಕು. ಹಳ್ಳಿಗಾಡನ್ನು ಆರಿಸಿಕೊಂಡದ್ದರ ಸಾರ್ಥಕತೆ ಇದರಲ್ಲೇ ಇದೆಯೆಂದು ನನ್ನ ಎಣಿಕೆ.

ಎರಡನೆಯ ಉತ್ತರ:
ಮೇಲಿನ ವಿವರಣೆ ಸರಿಯೇ, ಆದರೆ ಕೇಂದ್ರವನ್ನು ಬರಿಯ ಧಾರ್ಮಿಕ ಆಶ್ರಮವೆಂದು ಭಾವಿಸುವಂತಿಲ್ಲ. 1950ರ ದಶಕದ ಆರಂಭದಲ್ಲಿ ಅದರ ಹೊಣೆ ಹೊತ್ತ ವಿಲರ್ಡ್ ಅಪ್‌ಹೌಸ್ ಅವರು ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಪಂಥದ ಶ್ರದ್ಧಾವಂತರಾಗಿದ್ದಂತೆಯೇ ಕಾರ್ಮಿಕರ ಪರ ದುಡಿದವರು, ಕಮ್ಯುನಿಸ್ಟ್ ಆಡಳಿತವಿದ್ದ ಪೋಲೆಂಡಿನ ವಾರ್ಸಾದಲ್ಲಿ 1950ರಲ್ಲಿ ನಡೆದ ಶಾಂತಿ ಸಮ್ಮೇಳನಕ್ಕೂ ಹೋಗಿದ್ದವರು. ಶೀತಲ ಸಮರ ಕಾವೇರಿದ್ದ ಆ ದಿನಗಳಲ್ಲಿ ಸಂಶಯಕ್ಕೆ ಇಷ್ಟು ಸಾಕಾಗಿತ್ತು. ದೇಶದ್ರೋಹಿ ಚಟುವಟಿಕೆಗಳ ತನಿಖೆಗೆ ಶಾಸನಸಭೆಯಿಂದ ಅಧಿಕಾರ ಪಡೆದಿದ್ದ ರಾಜ್ಯದ ಅಟಾರ್ನಿ ಜನರಲ್ (ಮುಖ್ಯ ಕಾನೂನು ಅಧಿಕಾರಿ) ಲೂಯಿ ವೈಮನ್, 1954 ಮತ್ತು 1955ರ ಬೇಸಿಗೆಯಲ್ಲಿ ಶಿಬಿರಕ್ಕೆ ಬಂದವರೆಲ್ಲರ ಹೆಸರು ಕೇಳಿದರು. ತಮ್ಮ ಬಗ್ಗೆ ಕೇಳಿದ್ದಕ್ಕೆ ಅಪ್‌ಹೌಸ್ ಉತ್ತರಿಸಿದರು. ಅತಿಥಿಗಳ ಹೆಸರು ಕೊಡಲು ಮಾತ್ರ ಒಪ್ಪಲಿಲ್ಲ. ರಾಜ್ಯದ ನ್ಯಾಯಾಲಯ ಇದನ್ನು ನ್ಯಾಯಾಂಗ ನಿಂದನೆಯೆಂದು ತೀರ್ಮಾನಿಸಿದ ಮೇಲೆ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು 5–4ರ ಬಹುಮತದಲ್ಲಿ ರಾಜ್ಯದ ಪರ ತೀರ್ಪಿತ್ತಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಹುಮತದ ತೀರ್ಪಿಗೆ ಆಧಾರವೇನಿತ್ತು? ತಂಗಿದವರ ಪೈಕಿ ಯಾರಾದರೂ ಅಪರಾಧ ಮಾಡಿದ್ದರೇ?

ಮೂರನೆಯ ಉತ್ತರ:
ಅತಿಥಿಗಳ ಮೇಲೆ ಅಂಥ ಅಪರಾಧವೇನೂ ಸಾಬೀತಾಗಿರಲಿಲ್ಲ. ಶಿಬಿರಕ್ಕೆ ಆಹ್ವಾನಿತರಾದ ಭಾಷಣಕಾರರಲ್ಲಿ ಕನಿಷ್ಠ 19 ಮಂದಿಗೆ ಕಮ್ಯುನಿಸ್ಟ್ ಪಕ್ಷದೊಂದಿಗೋ ಅದರ ಪೋಷಿತ ಸಂಸ್ಥೆಗಳೆಂದು ಹೆಸರಿಸಲಾದವುಗಳೊಂದಿಗೋ ನಂಟಿತ್ತು ಎಂಬುದನ್ನು ನ್ಯಾಯಮೂರ್ತಿ ಕ್ಲಾರ್ಕ್ ಬಹುಮತದ ತೀರ್ಪಿನಲ್ಲಿ ಎತ್ತಿ ತೋರಿಸಿದರು. ಇದಕ್ಕಿಂತ ಕುತೂಹಲದ ವಾದ ಇನ್ನೊಂದಿದೆ: ವಸತಿಗೃಹ ನಡೆಸುವವರು ತಂಗಿದವರ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು, ಪೊಲೀಸರು ಕೇಳಿದರೆ ತೋರಿಸಬೇಕು ಎಂಬ ಕಾನೂನು ಆ ರಾಜ್ಯದಲ್ಲಿತ್ತು; ಆದ್ದರಿಂದ ಆ ಪಟ್ಟಿ ಅಷ್ಟೇನೂ ಖಾಸಗಿಯಲ್ಲ ಎಂದು ಬಹುಮತ ಭಾವಿಸಿತು. ಕಳ್ಳಕಾಕರನ್ನು ಪತ್ತೆಹಚ್ಚಲು ನೆರವಾಗಬಹುದಾದ ವಸತಿಗೃಹದ ಪುಸ್ತಕವನ್ನು ವಿಚಾರಗಳ ಬೇಟೆಗೆ ಬಳಸಿದ್ದು ನನಗೆ ಒಪ್ಪಿಗೆಯಾಗುವುದಿಲ್ಲ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನ್ನನ್, ಹೆಸರುಗಳನ್ನು ಬಯಲಿಗೆಳೆಯುವುದೇ ಈ ತನಿಖೆಯ ಗುರಿಯಾಗಿದೆ ಎಂದು ಆಕ್ಷೇಪಿಸಿದರು.

ಮಣಿಯದ ಅಪ್‌ಹೌಸ್, ತಮ್ಮ 69ನೆಯ ವಯಸ್ಸಿನಲ್ಲಿ, ನ್ಯಾಯಾಂಗ ನಿಂದನೆಗಾಗಿ 1959ರ ಡಿಸೆಂಬರಿನಲ್ಲಿ ಸೆರೆಮನೆ ಸೇರಿ ಸುಮಾರು ಒಂದು ವರ್ಷ ಅಲ್ಲಿದ್ದರು. ಪಟ್ಟಿ ಒಪ್ಪಿಸಿದ್ದರೆ ಆ ನಡುವೆ ಯಾವ ದಿನವಾದರೂ ಹೊರಬರಬಹುದಿತ್ತು. ಬಿಡುಗಡೆಯಾದ ಮೇಲೆ ಅವರು ಮತ್ತೆ ಅದೇ ಕೇಂದ್ರವನ್ನು ನಡೆಸಿದರು. ವೈಮನ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು.